ಮಕ್ಕಳು ಇದನ್ನೆಲ್ಲ ಮನೇಲಿ ಮಾಡಿಬಿಟ್ರೆ?

ಮಕ್ಕಳಿಗಾಗಿ ನಾನು ಬರೆಯುತ್ತಿರುವ ಸಾಹಸ ಕಥೆಯ ನಾಯಕಿ ಚಿನ್ನಿ. ಅವಳಿಗೆ ರಸಾಯನಶಾಸ್ತ್ರದ ಹುಚ್ಚು. ಇದನ್ನು ಹೇಳಿದರೆ ಸಾಕು, ಅಪ್ಪ ಅಮ್ಮಂದಿರೆಲ್ಲ ಕೇಳುವುದು ಒಂದೇ: "ಓದಿ ನಮ್ಮ ಮಕ್ಕಳೂ ಮಾಡೋಕೆ ಹೋದ್ರೆ?"

ಮಾಡಲಿ. ಮಾಡಲಿ ಅಂತಲೇ ಬರೆಯುತ್ತಿರುವುದು.

ಒಂದು ಸನ್ನಿವೇಶ ಹೇಳುತ್ತೇನೆ. ಮದುವೆ ಮನೆಯಲ್ಲಿ ಒಡವೆ ಕಳುವಾಗಿದೆ. "ನಾನು ಊಟಕ್ಕೇ ಬಂದಿಲ್ಲ" ಅನ್ನುತ್ತಾನೆ ಒಬ್ಬ. ಅವನ ಬಿಳಿ ಅಂಗಿಯ ತೋಳಿನಲ್ಲಿ ಕಂಡೂ ಕಾಣದಷ್ಟು ಹಳದಿ. ಚಿನ್ನಿ ಒದ್ದೆ ಸೋಪು ತಂದು ಅಲ್ಲಿ ಉಜ್ಜುತ್ತಾಳೆ. ಹಳದಿ ಕಲೆ ಕೆಂಪಾಗುತ್ತದೆ. ಊಟಕ್ಕೆ ಬಡಿಸಿದ ಹುಳಿಯಲ್ಲಿದ್ದ ಅರಿಶಿನ! ಸೋಪಿನ ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ, ನಿಂಬೆರಸ ಬಿಟ್ಟರೆ ಮತ್ತೆ ಹಳದಿ. ಆರತಿ ನೀರಿಗೆ ಅರಿಶಿನದ ಜೊತೆ ಸುಣ್ಣ ಹಾಕಿದಾಗ ಆಗುವುದೂ ಇದೇ ಅಲ್ವಾ? ಇದನ್ನ ಮಗು ಮಾಡಿ ನೋಡಿದರೆ ಭಯ ಪಡುವಂಥದ್ದೇನಿದೆ?

ನಿಜವಾದ ಅಪಾಯ ಇರುವುದು ಬಚ್ಚಲಲ್ಲಿ. ಟಾಯ್ಲೆಟ್ ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಸೈನಿಕರ ಮೇಲೆ ಬಿಟ್ಟಿದ್ದು ಇದೇ ಅನಿಲವನ್ನು. ಎರಡನ್ನೂ ಬೆರೆಸುವುದು ಸಾಮಾನ್ಯವಾಗಿ ಮಕ್ಕಳಲ್ಲ, ಜಾಸ್ತಿ ಬೆಳ್ಳಗಾಗಲಿ ಅಂತ ದೊಡ್ಡವರೇ. ಕಥೆಯಲ್ಲೂ ಹಾಗೇ: ಚಿಕ್ಕಪ್ಪ ಬೆರೆಸಲು ಹೊರಡುತ್ತಾನೆ, ಚಿನ್ನಿ ಕೂಗಿ ತಡೆಯುತ್ತಾಳೆ.

ಮನೆಯಲ್ಲಿ ಪ್ರಯೋಗ ಮಾಡಿದವರಿಗೆ ಒಳ್ಳೆಯ ಉದಾಹರಣೆ ಲಂಡನ್ನಿನ ವಿಲಿಯಂ ಪರ್ಕಿನ್. 1856ರಲ್ಲಿ ಅವನಿಗೆ 18 ವರ್ಷ. ರಜೆಯಲ್ಲಿ ಮನೆಯಲ್ಲೇ ಮಲೇರಿಯಾ ಔಷಧಿ ಕ್ವಿನೀನ್ ತಯಾರಿಸಲು ಹೋದ. ಸಿಕ್ಕಿದ್ದು ಕಪ್ಪು ಗಸಿ. ಅದನ್ನು ಆಲ್ಕೋಹಾಲಿಗೆ ಹಾಕಿದಾಗ ನೇರಳೆ ಬಣ್ಣ ಬಿಟ್ಟಿತು. ಸುಮ್ನೆ ಚೆಲ್ಲಲಿಲ್ಲ, ರೇಷ್ಮೆ ಬಟ್ಟೆಗೆ ಹಚ್ಚಿ ನೋಡಿದ. ಕೃತಕ ಬಣ್ಣಗಳ ಉದ್ಯಮವೇ ಅಲ್ಲಿಂದ ಶುರುವಾಯಿತು. ಅವನು ಬಳಸಿದ ಅನಿಲೀನ್ ಎಂಬ ರಾಸಾಯನಿಕ ವಿಷಕಾರಿ, ಹಾಗಾಗಿ ಅದು ಚಿನ್ನಿಯ ಡಬ್ಬಿಯಲ್ಲಿ ಇಲ್ಲ. ಅವನ ಕುತೂಹಲ ಮಾತ್ರ ಇದೆ.

ನನ್ನ ಷರತ್ತುಗಳು ಕಡಿಮೆ. ಯಾವುದನ್ನೂ ಬಾಯಿಗೆ ಹಾಕಬಾರದು. ದೊಡ್ಡವರೊಬ್ಬರು ಜೊತೆಗಿರಬೇಕು, ಮೊಬೈಲ್ ಕೆಳಗಿಟ್ಟು. ಅಂಗಿ ಹಳೆಯದಿರಲಿ. ಅರಿಶಿನದ ಕಲೆ ಹೋಗದಿದ್ದರೆ ಒಗೆದು ಬಿಸಿಲಿಗೆ ಹರವಿ, ಬಿಸಿಲಿಗೆ ಆ ಬಣ್ಣ ಮಾಸುತ್ತದೆ. ಪುಣ್ಯಕ್ಕೆ ನನ್ನ ಕಥೆಯ ಕಳ್ಳನಿಗೆ ಇದು ಗೊತ್ತಿಲ್ಲ.