ಎರಡೇ ಗುಂಡಿಗಳ ಹಳದಿ ಪೆಡಲ್

ಇಂದು ಸಂಜೆ ಕದ್ರಿಯಲ್ಲಿ ಗೆಳೆಯರೊಬ್ಬರ ಮನೆಯಲ್ಲಿ, ಬಾಸ್ ಕಂಪನಿಯ ಹಳೆಯ ಓಡಿ-1 ಓವರ್‌ಡ್ರೈವ್ ಪೆಡಲ್ (ಗಿಟಾರಿನ ದನಿಯನ್ನು ಒರಟಾಗಿಸುವ, ಕಾಲಿನಿಂದ ಒತ್ತುವ ಪೆಟ್ಟಿಗೆ) ತುಳಿದು ಗಿಟಾರ್ ನುಡಿಸುವ ಅವಕಾಶ ಸಿಕ್ಕಿತು. 1977ರಲ್ಲಿ ಹೊರಬಂದ ಈ ಹಳದಿ ಪೆಟ್ಟಿಗೆಗೆ ಇರುವುದು ಎರಡೇ ಗುಂಡಿಗಳು: ಒಂದು ದನಿಯ ಮಟ್ಟಕ್ಕೆ, ಇನ್ನೊಂದು ಒರಟುತನಕ್ಕೆ. ದನಿಯ ಚುರುಕು-ಮಂದತನವನ್ನು ಹೊಂದಿಸುವ ಟೋನ್ ಗುಂಡಿಯೇ ಇಲ್ಲ, ಅದು ಕೊರತೆಯೆಂದು ನನಗೆ ಅನ್ನಿಸಲೂ ಇಲ್ಲ.

ಒಳಗಿನ ಡಯೋಡ್‌ಗಳನ್ನು (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಬಿಡುವ ಬಿಡಿಭಾಗಗಳನ್ನು) ಗಿಟಾರಿನಿಂದ ಬರುವ ವಿದ್ಯುತ್ ಅಲೆಯ ಒಂದು ಬದಿಗೆ ಒಂದು, ಇನ್ನೊಂದು ಬದಿಗೆ ಎರಡು ಎಂಬಂತೆ ಜೋಡಿಸಿರುವುದರಿಂದ ಅಲೆಯ ಮೇಲ್ತುದಿ ಮತ್ತು ಕೆಳತುದಿಗಳು ಸಮನಾಗಿ ಕತ್ತರಿಸಿಹೋಗುವುದಿಲ್ಲ. ಗಾಜಿನ ನಳಿಕೆಗಳಿರುವ ವಾಲ್ವ್ ಆಂಪ್ಲಿಫೈಯರನ್ನು ಮಿತಿಮೀರಿ ದುಡಿಸಿದಾಗ ಬರುವ ಗೊಗ್ಗರು ದನಿಯನ್ನು ಅದು ಹೀಗೆ ನೆನಪಿಸುತ್ತದೆ. ಮೆಲ್ಲಗೆ ಮೀಟಿದರೆ ದನಿ ಬಹುಪಾಲು ತಿಳಿಯಾಗಿಯೇ ಉಳಿಯುತ್ತದೆ, ಬಲವಾಗಿ ಮೀಟಿದಾಗ ಮಾತ್ರ ಒಡೆಯುತ್ತದೆ.

ಗುಂಡಿ ತಿರುಗಿಸುವಾಗ ಸ್ವಲ್ಪ ಕರಕರ ಸದ್ದು ಬಂತು. ಮಂಗಳೂರಿನ ಈ ತೇವದ ಗಾಳಿಯಲ್ಲಿ ಹಳೆಯ ಪೊಟೆನ್ಷಿಯೋಮೀಟರ್‌ಗಳನ್ನು (ಗುಂಡಿಗಳ ಕೆಳಗೆ ತಿರುಗುವ ಬಿಡಿಭಾಗಗಳನ್ನು) ಆಗಾಗ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಶುಚಿಗೊಳಿಸಲೇಬೇಕು. ಇಷ್ಟಾದರೂ, ಹಳೆಯದೆಂಬ ಒಂದೇ ಕಾರಣಕ್ಕೆ ಸಾವಿರಾರು ರೂಪಾಯಿ ಹೆಚ್ಚು ಕೊಡುವುದನ್ನು ನಾನು ಒಪ್ಪಲಾರೆ. ಅದೇ ಸರ್ಕ್ಯೂಟನ್ನು ಇಂದಿನ ಬಿಡಿಭಾಗಗಳಿಂದ ಜಾಗ್ರತೆಯಾಗಿ ಕಟ್ಟಿದರೆ, ಕಣ್ಣು ಮುಚ್ಚಿ ಕೇಳುವವರಿಗೆ ವ್ಯತ್ಯಾಸ ಗುರುತಿಸುವುದು ಸುಲಭವಲ್ಲ.