ಸೋಮ್ಸ್ ಪಾಪವೇ, ಆದರೂ
ಇಂಗ್ಲಿಷ್ ಲೇಖಕ ಗಾಲ್ಸ್‌ವರ್ದಿಯ ಕಾದಂಬರಿ ಸರಣಿ ‘ಫೋರ್‌ಸೈಟ್ ಸಾಗಾ’ ಓದಿದ ಇಬ್ಬರು ಸೇರಿದರೆ ಸಾಕು, ಅದರಲ್ಲಿನ ಗಂಡ ಸೋಮ್ಸ್ ಸರಿಯೋ ಹೆಂಡತಿ ಐರೀನ್ ಸರಿಯೋ ಅಂತ ವಾದ ಶುರುವಾಗುತ್ತದೆ. ನಾನು ಕಂಡವರಲ್ಲಿ ಜಾಸ್ತಿ ಜನ ಸೋಮ್ಸ್ ಕಡೆ. ಅವನು ಹೆಂಡತಿಗೆ ಏನು ಕಡಿಮೆ ಮಾಡಿದ್ದ, ಅವಳದೇ ಕಲ್ಲು ಮನಸ್ಸು ಅಂತಾರೆ.

ನನಗೂ ಸೋಮ್ಸ್ ಮೇಲೆ ಕನಿಕರವಿದೆ. ಪ್ರೀತಿಯನ್ನು ಆಸ್ತಿಯ ಹಾಗೆ ಕಾಯುವುದು ಬಿಟ್ಟು ಬೇರೆ ದಾರಿಯೇ ಗೊತ್ತಿಲ್ಲದ ಮನುಷ್ಯ, ಮಗಳು ಫ್ಲರ್ ವಿಷಯದಲ್ಲಿ ಅವನು ಕರಗುವುದನ್ನು ಓದಿದರೆ ಕರುಳು ಚುರ್ ಅನ್ನುತ್ತದೆ. ಆದರೆ 1906ರ ಮೊದಲ ಕಾದಂಬರಿಯಲ್ಲಿ ಅವನು ಐರೀನ್ ಮೇಲೆ ಬಲಾತ್ಕಾರ ಮಾಡುತ್ತಾನೆ. ಅದನ್ನು ‘ಗಂಡ ಹೆಂಡತಿ ಮನಸ್ತಾಪ’ ಅಂತ ತೇಲಿಸಿಬಿಡುವುದು ನನ್ನಿಂದ ಆಗಲ್ಲ. ಗಂಡನೇ ಹೆಂಡತಿ ಮೇಲೆ ಮಾಡುವ ಬಲಾತ್ಕಾರವನ್ನು ಇಂಗ್ಲೆಂಡಿನ ಕೋರ್ಟು ಅಪರಾಧ ಅಂತ ಒಪ್ಪಿದ್ದೇ 1991ರಲ್ಲಿ. ಮದುವೆ ಸರಿಹೋಗದಿದ್ದರೆ ನಿನ್ನನ್ನು ನಿನ್ನ ದಾರಿಗೆ ಬಿಡುತ್ತೇನೆ ಅಂತ ಐರೀನ್‌ಗೆ ಮೊದಲೇ ಮಾತು ಕೊಟ್ಟವನೂ ಸೋಮ್ಸೇ ಅಲ್ವಾ?

ಐರೀನ್ ತಪ್ಪೇ ಮಾಡಿಲ್ಲ ಅಂತಲ್ಲ. ಅವಳು ಪ್ರೀತಿಸಿದ ಬಾಸಿನಿ, ಅವಳದೇ ಗೆಳತಿ ಜೂನ್‌ಳನ್ನು ಮದುವೆಯಾಗಬೇಕಿದ್ದ ಹುಡುಗ, ಆ ಜೂನ್‌ಗೆ ಆದ ನೋವು ಸಣ್ಣದಲ್ಲ. ಆದರೆ ನಮಗೆ ಐರೀನ್ ಮನಸ್ಸೇ ಸಿಗುವುದಿಲ್ಲ. ಅವಳು ಬೇರೆಯವರ ಕಣ್ಣಲ್ಲಷ್ಟೇ ಕಾಣಿಸುತ್ತಾಳೆ, ಇದನ್ನು ಗಾಲ್ಸ್‌ವರ್ದಿಯೇ ಮುನ್ನುಡಿಯಲ್ಲಿ ಹೇಳಿದ್ದಾನೆ. ಸೋಮ್ಸ್‌ನ ಸಂಕಟ ಪುಟಗಟ್ಟಲೆ ಓದುತ್ತೇವೆ, ಅವಳದು ಒಂದು ಸಾಲೂ ಇಲ್ಲ. ಹಾಗಿರುವಾಗ ಅವಳನ್ನು ತಣ್ಣನೆಯ ಹೆಂಗಸು ಅಂತ ಸುಮ್ನೆ ತೀರ್ಪು ಕೊಡುವವರ ಜೊತೆ ನಾನಂತೂ ಇನ್ನೂ ಜಗಳ ಆಡುತ್ತೇನೆ.