ಹದಿಮೂರನೇ ತಿಂಗಳು

ಬಂಗಾರಪೇಟೆ, 14 ಡಿಸೆಂಬರ್ 2025, ಭಾನುವಾರ

ಬೆಳಿಗ್ಗೆ ಎಂಟು ಗಂಟೆ. ಅವರೆಕಾಳು ಹಿತುಕುತ್ತಾ ಕೂತಿದ್ದೆ. ರಾತ್ರಿ ನೆನೆಹಾಕಿದ್ದು ಸ್ವಲ್ಪ ಜಾಸ್ತಿಯೇ ಆಗಿತ್ತು. ಹೆಬ್ಬೆರಳು ನೀರಲ್ಲಿ ನೆನೆದು ಸುಕ್ಕಾಗಿತ್ತು. ಆ ಹೊತ್ತಿಗೆ ಪುಟ್ಟಿಯ ಫೋನ್. ಪುಟ್ಟಿ ನನ್ನ ತಂಗಿ ಮಗಳು, ಕೆನಡಾದ ಕಿಚನರ್ ಎಂಬ ಊರಲ್ಲಿದ್ದಾಳೆ. ಅಲ್ಲಿ ಇನ್ನೂ ಶನಿವಾರ ರಾತ್ರಿ ಒಂಬತ್ತೂವರೆ. ಒದ್ದೆ ಕೈಯಲ್ಲೇ ಸ್ಪೀಕರ್ ಒತ್ತಿ, ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿದೆ.

"ದೊಡ್ಡಮ್ಮ, ಚಂದಾ ಎತ್ತೋದು ಹೇಗೆ ಅಂತ ಹೇಳ್ಕೊಡು" ಅಂದಳು.

ನಗು ಬಂತು. ಡಾಲರಿನಲ್ಲಿ ಸಂಬಳ ತಗೊಳ್ಳೋ ಹುಡುಗಿ. ನಾನೋ ಮಹಿಳಾ ಸಂಘದಲ್ಲಿ ವಾರಕ್ಕೆ ಹತ್ತು ರೂಪಾಯಿ ಉಳಿತಾಯದ ಪುಸ್ತಕ ಬರೆದುಕೊಂಡಿದ್ದವಳು.

ವಿಷಯ ಇಷ್ಟು. ಅಲ್ಲಿ ಐದು ಜನ ಸೇರಿ "ನಾವು ನೋಡಿಕೊಳ್ತೀವಿ" ಅಂತ ಸರ್ಕಾರಕ್ಕೆ ಬರೆದುಕೊಟ್ಟರೆ ಒಂದು ನಿರಾಶ್ರಿತ ಕುಟುಂಬವನ್ನು ಕರೆಸಿಕೊಳ್ಳಬಹುದು. ಮೊದಲ 12 ತಿಂಗಳ ಬಾಡಿಗೆ, ದಿನಸಿ, ಬಟ್ಟೆಬರೆ, ಮಕ್ಕಳನ್ನು ಸ್ಕೂಲಿಗೆ ಸೇರಿಸೋದು, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗೋದು, ಎಲ್ಲಾ ಆ ಐವರ ತಲೆ ಮೇಲೆ. ಇದು ಜೋರಾಗಿದ್ದು 1979ರಲ್ಲಿ, ವಿಯೆಟ್ನಾಂ ಕಡೆಯ ಜನ ದೋಣಿ ಹತ್ತಿ ಊರು ಬಿಟ್ಟಾಗ. ಆಗ ಎರಡೇ ವರ್ಷದಲ್ಲಿ ಕೆನಡಾ 60,000 ಜನರನ್ನು ಒಳಗೆ ಬಿಟ್ಟುಕೊಂಡಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರನ್ನು ಕರೆಸಿಕೊಂಡದ್ದು ಚರ್ಚುಗಳು, ಅಕ್ಕಪಕ್ಕದ ಮನೆಯವರು, ಗೆಳೆಯರ ಗುಂಪುಗಳು. 1986ರಲ್ಲಿ, ನಿರಾಶ್ರಿತರಿಗಾಗಿ ದುಡಿದವರಿಗೆ ವಿಶ್ವಸಂಸ್ಥೆ ಕೊಡೋ ನಾನ್ಸೆನ್ ಪದಕವನ್ನು ಇಡೀ ಕೆನಡಾದ ಜನಕ್ಕೇ ಕೊಟ್ಟರಂತೆ.

ಪುಟ್ಟಿ, ಅವಳ ಗಂಡ, ಆಫೀಸಿನ ಇಬ್ಬರು, ಪಕ್ಕದ ಮನೆಯ ಒಬ್ಬರು ರಿಟೈರ್ಡ್ ಟೀಚರಮ್ಮ. ಇದು ಇವರ ಐವರ ಗುಂಪು. 2023ರಲ್ಲಿ ಅರ್ಜಿ ಹಾಕಿದ್ದರು. ಹಾಕಿದ್ದೇ ಒಳ್ಳೆಯದಾಯಿತು, 2024ರ ನವೆಂಬರ್ ಕೊನೆಯಿಂದ ಇಂಥ ಗುಂಪುಗಳ ಹೊಸ ಅರ್ಜಿ ತಗೊಳ್ಳೋದನ್ನೇ ನಿಲ್ಲಿಸಿದ್ದಾರೆ. ಇವರು ಕರೆಸಿಕೊಳ್ಳೋದು ಒಬ್ಬಳು ಅಫ್ಘನ್ ತಾಯಿ ಮತ್ತು ಎರಡು ಮಕ್ಕಳನ್ನು. ಅವರು ಇರೋದು ಎಲ್ಲಿ ಗೊತ್ತಾ, ದೆಹಲಿಯಲ್ಲಿ! ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ ಕೊಟ್ಟ ಕಾರ್ಡ್ ಹಿಡಿದುಕೊಂಡು ವರ್ಷಗಳಿಂದ ಕಾಯ್ತಿದ್ದಾರೆ. ನಮ್ಮ ದೇಶ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಹಾಗಾಗಿ ಆ ಕಾರ್ಡ್ ಇದ್ದರೂ ಇಲ್ಲಿ ನೆಲೆ ಅಂತ ಆಗೋದು ಕಷ್ಟ. ಈಗ ಫೈಲು ಪಾಸಾಗಿದೆ. ಫೆಬ್ರವರಿಗೆ ಬರ್ತಾರೆ.

ದುಡ್ಡು ಮಾತ್ರ ಪೂರ್ತಿ ಆಗಿಲ್ಲ.

ಇವರು ಅರ್ಜಿ ಹಾಕಿದಾಗ ಒಬ್ಬರೇ ಬರೋದಾದರೆ ವರ್ಷಕ್ಕೆ 16,500 ಕೆನಡಾ ಡಾಲರ್ ಬೇಕು ಅಂತ ಸರ್ಕಾರದ ಪಟ್ಟಿಯಲ್ಲಿತ್ತಂತೆ. ಮೂವರಿಗೆ ಇನ್ನೂ ಮೇಲೆ. ಮಂಚ, ಪಾತ್ರೆ, ಕೋಟು ಹೀಗೆ ಸಾಮಾನಿನ ರೂಪದಲ್ಲಿ ಬಂದದ್ದನ್ನೂ ಲೆಕ್ಕಕ್ಕೆ ಹಿಡಿಯಬಹುದು. ಆದರೆ ಬರುವವರ ಕೈಯಿಂದಲೇ ಮುಂಗಡ ಈಸ್ಕೊಂಡು ತೋರಿಸೋ ಹಾಗಿಲ್ಲ. ಆ ನಿಯಮ ಮಾಡಿದವರಿಗೆ ಮನುಷ್ಯರ ಬುದ್ಧಿ ಚೆನ್ನಾಗಿ ಗೊತ್ತು. ನಮ್ಮಲ್ಲಾಗಿದ್ದರೆ ಇಷ್ಟೊತ್ತಿಗೆ ಏಜೆಂಟರು ಹುಟ್ಟಿಕೊಳ್ತಿದ್ದರು. ಇನ್ನೊಂದು ತೊಡಕು, ಐವರ ಗುಂಪು ನೋಂದಾಯಿತ ಸಂಸ್ಥೆ ಅಲ್ಲ. ಕೊಟ್ಟವರಿಗೆ ತೆರಿಗೆ ವಿನಾಯಿತಿಯ ರಸೀದಿ ಸಿಗೋದಿಲ್ಲ. ನಮ್ಮ 80ಜಿ ತೆರಿಗೆ ರಸೀದಿಯ ಕಥೆಯೇ. ರಸೀದಿ ಇಲ್ಲ ಅಂದ ತಕ್ಷಣ ಅರ್ಧ ಜನ "ನೋಡೋಣ" ಅಂತಾರೆ.

ಮೂರರಲ್ಲಿ ಎರಡು ಪಾಲು ಕೂಡಿಸಿದ್ದಾರೆ. ಉಳಿದದ್ದಕ್ಕೆ ನಮ್ಮ ಕಡೆಯವರೇ ಒಬ್ಬರು ವ್ಯಾಪಾರಸ್ಥರು ಒಪ್ಪಿಕೊಂಡಿದ್ದರು. ಈಗ ಒಂದು ಷರತ್ತು ಹಾಕಿದ್ದಾರೆ. ಮಕ್ಕಳು ಬಂದ ಮೇಲೆ ಅಲ್ಲಿಯ ಯುಗಾದಿ ಕಾರ್ಯಕ್ರಮದಲ್ಲಿ ವೇದಿಕೆ ಹತ್ತಿಸಬೇಕು. ದೊಡ್ಡ ರಟ್ಟಿನ ಚೆಕ್ ಕೊಡ್ತಾ ಫೋಟೊ ಆಗಬೇಕು.

"ಒಪ್ಪಿಕೊಳ್ಳಲಾ ದೊಡ್ಡಮ್ಮ? ಒಂದೇ ಸಲಕ್ಕೆ ಮುಗಿದುಹೋಗುತ್ತೆ."

ನಾನು ಸುಮ್ನೆ ಇದ್ದೆ. ಒಂದು ಕಾಳು ಚಿಮ್ಮಿ ಒಲೆ ಕೆಳಗೆ ಹೋಯಿತು.

ಅವಳಿಗೆ ಹೇಳದ ಒಂದು ಕಥೆಯನ್ನು ಇವತ್ತು ಹೇಳಿದೆ. ಇಪ್ಪತ್ತು ವರ್ಷದ ಹಿಂದೆ ನಮ್ಮ ಬೀದಿ ಕೊನೆಯಲ್ಲಿ ತಮಿಳುನಾಡಿನ ಕಡೆಯ ಕಲ್ಲು ಒಡೆಯೋ ಸಂಸಾರ ಒಂದಿತ್ತು. ಗುಡಿಸಲು ಸುಟ್ಟುಹೋಯಿತು. ನಾನೇ ಸೆರಗು ಕಟ್ಟಿ ಮನೆಮನೆಗೆ ಹೋದೆ. ನಾಲ್ಕೇ ದಿನದಲ್ಲಿ 22,000 ರೂಪಾಯಿ! ಊರೆಲ್ಲಾ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಮಂಚ ತಂದೆವು, ಫ್ಯಾನ್ ತಂದೆವು, ಸ್ಟೀಲ್ ಬೀರು ತಂದೆವು. ಬೀರುವಿನೊಳಗೆ ಇಡೋಕೆ ಅವರ ಹತ್ತಿರ ಎರಡು ಸೀರೆ ಇರಲಿಲ್ಲ, ಅದು ನಮಗೆ ಹೊಳೆಯಲೇ ಇಲ್ಲ. ಫೋಟೊ ತೆಗೆಸಿದೆವು. ಮೊದಲ ಮೂರು ತಿಂಗಳ ಬಾಡಿಗೆ ಕಟ್ಟಿದೆವು. ನಾಲ್ಕನೇ ತಿಂಗಳು ಕೇಳೋಕೆ ಹೋದರೆ, "ಅವತ್ತೇ ಕೊಟ್ಟೆವಲ್ಲಮ್ಮ" ಅಂದರು. ತಪ್ಪೇನಿಲ್ಲ, ಕೊಟ್ಟಿದ್ದರು. ಆ ಗಂಡಸಿಗೆ ಒಂದು ಕೆಲಸ ಹುಡುಕೋದು ಬಿಟ್ಟು ನಾನು ಬೀರು ಹುಡುಕಿದ್ದೆ. ಐದನೇ ತಿಂಗಳು ಒಂದು ರಾತ್ರಿ ಅವರು ಹೊರಟುಹೋದರು. ಮಂಚ, ಬೀರು ಎಲ್ಲಾ ಅಲ್ಲೇ ಇತ್ತು, ಫ್ಯಾನ್ ಮಾತ್ರ ಬಿಚ್ಚಿಕೊಂಡು ಹೋಗಿದ್ದರು. ಆ ಲೆಕ್ಕ ನನ್ನ ಕೈಬರಹದಲ್ಲೇ ಇದೆ. ಇವತ್ತೂ ಆ ಪುಟ ತೆರೆಯೋಕೆ ಮನಸ್ಸು ಬರೋದಿಲ್ಲ.

ಪುಟ್ಟಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವಳೇ ಲೆಕ್ಕಕ್ಕೆ ಬಂದಳು. ಆ ತಾಯಿ ಮೇಲೆ ಆಗಲೇ ಒಂದು ಸಾಲ ಇರುತ್ತಂತೆ. ವಿಮಾನದ ಟಿಕೆಟ್ ದುಡ್ಡನ್ನು ಕೆನಡಾ ಸರ್ಕಾರ ಸಾಲವಾಗಿ ಕೊಡುತ್ತೆ, ಬಂದ ಮೇಲೆ ಕಂತಿನಲ್ಲಿ ತೀರಿಸಬೇಕು. 2018ರಿಂದ ಬಡ್ಡಿ ತೆಗೆದಿದ್ದಾರೆ, ಅಷ್ಟೇ ಸಮಾಧಾನ. ಗುಂಪಿನ ಜವಾಬ್ದಾರಿ 12 ತಿಂಗಳಿಗೆ ಮುಗಿಯುತ್ತೆ. ಆಮೇಲೂ ಕೆಲಸ ಸಿಗದಿದ್ದರೆ ಸರ್ಕಾರದ ಸಹಾಯಧನಕ್ಕೆ ಕೈಚಾಚಬೇಕು.

"ಹಂಗಾದ್ರೆ ನೀನು ಈಗಲೇ ಕೇಳಬೇಕಾದ್ದು ಹದಿಮೂರನೇ ತಿಂಗಳಿನದು" ಅಂದೆ. ಒಬ್ಬರ ಹತ್ತಿರ ಐದು ಸಾವಿರ ಕೇಳಬೇಡ, ಐವತ್ತು ಜನರ ಹತ್ತಿರ ತಿಂಗಳಿಗೆ ಇಪ್ಪತ್ತು ಕೇಳು. ತಿಂಗಳು ತಿಂಗಳು ಕೊಡೋವನು ತಿಂಗಳು ತಿಂಗಳು "ಹೇಗಿದ್ದಾರೆ" ಅಂತ ಕೇಳ್ತಾನೆ. ಹಂಗೆ ಕೇಳೋ ಐವತ್ತರಲ್ಲಿ ಒಬ್ಬ "ನಮ್ಮ ಅಂಗಡಿಯಲ್ಲಿ ಒಂದು ಕೆಲಸ ಇದೆ" ಅಂದೇ ಅಂತಾನೆ. ಫೋಟೊ ಬೇಕು ಅನ್ನೋ ಆಸಾಮಿಗೆ, ಒಂದು ವರ್ಷದ ಬಸ್ ಪಾಸ್ ನಿಮ್ಮ ಲೆಕ್ಕಕ್ಕೆ ಹಾಕ್ಕೊಳ್ಳಿ, ಫೋಟೊ ಇಲ್ಲ ಅನ್ನು. ಕೋಪ ಮಾಡಿಕೊಂಡರೆ ಮಾಡಿಕೊಳ್ಳಲಿ. ಅಮೆರಿಕದಲ್ಲಿರೋ ಪುಟ್ಟಿಯ ಗೆಳತಿಯ ಪಾಡು ಇನ್ನೂ ವಿಚಿತ್ರ. ಅಲ್ಲೂ 2023ರಲ್ಲಿ ವೆಲ್‌ಕಮ್ ಕೋರ್ ಅಂತ ಇಂಥದ್ದೇ ಶುರುವಾಗಿತ್ತು. ಐದು ಜನ ಸೇರಿ, ಬರೋ ಒಬ್ಬೊಬ್ಬ ನಿರಾಶ್ರಿತರಿಗೂ 2,275 ಡಾಲರ್ ಕೂಡಿಸಬೇಕಿತ್ತು. ಇವಳ ಗೆಳತಿ ಕೂಡಿಸಿಟ್ಟಿದ್ದಳು. 2025ರ ಜನವರಿಯಲ್ಲಿ ಹೊಸ ಸರ್ಕಾರ ನಿರಾಶ್ರಿತರು ಬರೋದನ್ನೇ ತಡೆಯಿತು. ದುಡ್ಡು ಬ್ಯಾಂಕಿನಲ್ಲಿದೆ, ಜನ ಇಲ್ಲ. ಕೊಟ್ಟವರಿಗೆ ಏನು ಹೇಳೋದು ಅಂತ ಅವಳಿಗೆ ಒಂದು ವರ್ಷದಿಂದ ತಿಳಿದಿಲ್ಲ. ಆದ್ದರಿಂದ ಕೆಲಸ ಆಗದಿದ್ದರೆ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಮೊದಲ ದಿನವೇ ಬರೆದಿಡು ಅಂತಲೂ ಹೇಳಿದೆ.

ಉಳಿದರೆ ದೆಹಲಿಯ ಅಫ್ಘನ್ ಮಕ್ಕಳಿಗೆ ಕಳಿಸ್ತೀನಿ ಅಂದಳು. ಅಲ್ಲಿ ತಡೆದೆ. ಹೊರದೇಶದ ದೇಣಿಗೆ ತಗೊಳ್ಳೋ ಸಂಸ್ಥೆಗೆ ಎಫ್‌ಸಿಆರ್‌ಎ ಅನ್ನೋ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇರಬೇಕು, ದುಡ್ಡು ದೆಹಲಿಯ ಒಂದೇ ಒಂದು ಸ್ಟೇಟ್ ಬ್ಯಾಂಕ್ ಶಾಖೆಗೆ ಬಂದು ಇಳಿಯಬೇಕು. 2020ರ ತಿದ್ದುಪಡಿ ಆದ ಮೇಲೆ ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸೋ ಹಾಗೂ ಇಲ್ಲ. ಇಲ್ಲಿಂದ ಅಲ್ಲಿಗೆ ಕಳಿಸೋದು ಎಷ್ಟೋ ವಾಸಿ, ಒಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಕಳಿಸಬಹುದು. ನನ್ನ ಪೆನ್ಷನ್ನಿನಲ್ಲಿ ಆ ಮಿತಿ ಮುಟ್ಟೋಕೆ ಏಳು ಜನ್ಮ ಬೇಕು.

ಮಧ್ಯಾಹ್ನ ಹಿತ್ಕಿದ ಬೇಳೆ ಸಾರು, ಮುದ್ದೆ. ಮಲಗೋಣ ಅಂದರೆ ನಿದ್ದೆ ಬರಲಿಲ್ಲ. ಸಂಜೆ ಬಸ್ ಹತ್ತಿ ಕೋಲಾರಕ್ಕೆ ಹೋದೆ.

ಚಳಿಗಾಲಕ್ಕೆ ಅಲ್ಲಿ ಟಿಬೆಟಿನವರು ಸ್ವೆಟರ್ ಅಂಗಡಿ ಹಾಕ್ತಾರೆ. ಹಗ್ಗಕ್ಕೆ ನೇತುಹಾಕಿದ ಟೋಪಿ, ಮಫ್ಲರ್, ಮಕ್ಕಳ ಜರ್ಕಿನ್. ಬೈಲಕುಪ್ಪೆಯಿಂದ ಬರೋ ಒಬ್ಬಾಕೆ ನನಗೆ ಎಂಟು ಹತ್ತು ವರ್ಷದಿಂದ ಪರಿಚಯ. ಬೈಲಕುಪ್ಪೆಯಲ್ಲೇ ಹುಟ್ಟಿದವಳು, ನನಗಿಂತ ಚೆನ್ನಾಗಿ ಚೌಕಾಸಿ ಕನ್ನಡ ಆಡ್ತಾಳೆ. 1960ರ ಆಸುಪಾಸಿನಲ್ಲಿ ಅಂದಿನ ಮೈಸೂರು ಸರ್ಕಾರ ಟಿಬೆಟಿನಿಂದ ನಿರಾಶ್ರಿತರಾಗಿ ಬಂದವರಿಗೆ ಅಲ್ಲಿ ಸುಮಾರು 3,000 ಎಕರೆ ಕಾಡುಜಾಗ ಕೊಟ್ಟಿತು. ಅವಳ ಅಮ್ಮ ಅದಕ್ಕೆ ಮೊದಲು ಹಿಮಾಚಲದಲ್ಲಿ ರಸ್ತೆಗೆ ಕಲ್ಲು ಒಡೆದವಳು.

ಇವತ್ತು ಮೊದಲ ಸಲ ಕೇಳಿದೆ, "ಇಷ್ಟು ಮಾಲಿಗೆ ಬಂಡವಾಳ ಎಲ್ಲಿಂದಮ್ಮ?"

"ಲುಧಿಯಾನಾ ಲಾಲಾ ಕೊಡ್ತಾರೆ ಅಕ್ಕ. ಉದ್ರಿ. ಸೀಸನ್ ಮುಗಿದ ಮೇಲೆ ಕಟ್ತೀವಿ. ನಮ್ಮಮ್ಮನಿಗೂ ಅವರಪ್ಪ ಕೊಡ್ತಿದ್ದರು."

ಕಾಗದ ಇಲ್ಲವಾ, ಜಾಮೀನು? ಅವಳು ನಕ್ಕಳು. "ಕೊಡದಿದ್ದರೆ ಮುಂದಿನ ವರ್ಷ ಮಾಲು ಎಲ್ಲಿ?"

ಅಲ್ಲೇ ನಿಂತುಬಿಟ್ಟೆ. ಯಾವ ದೇಣಿಗೆ ಪುಸ್ತಕದಲ್ಲೂ ಬರದ ದುಡ್ಡು ಇದು. ಲಾಲಾ ಧರ್ಮ ಮಾಡಲಿಲ್ಲ, ವ್ಯಾಪಾರ ಮಾಡಿದ, ಲಾಭವನ್ನೂ ತಿಂದ. ಆದರೆ ಭಾಷೆ ಬಾರದ, ಊರಿಲ್ಲದ ಹೆಂಗಸಿನ ಕೈಗೆ ಮೂಟೆಗಟ್ಟಲೆ ಉಣ್ಣೆ ಬಟ್ಟೆ ಕೊಟ್ಟು ಕಳಿಸಿದ.

ಇನ್ನೊಂದು ವಿಷಯವೂ ತಲೆಗೆ ಬಂತು. ನಮಗೆ ಸಂಘ ಕಟ್ಟೋದು ಕಲಿಸಿದ್ದು ಮೈರಾಡ ಅನ್ನೋ ಸೇವಾಸಂಸ್ಥೆಯವರು, ಕಾಮಸಮುದ್ರದ ಕಡೆಯಿಂದ ಬರ್ತಿದ್ದರು. ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬರ ಮನೆಯಲ್ಲಿ ಅಂತ ಕಲಿಸಿಕೊಟ್ಟವರು ಅವರೇ. ಮೈರಾಡ ಅನ್ನೋ ಹೆಸರಿನಲ್ಲಿರೋ "ಆರ್" ರೀಸೆಟಲ್‌ಮೆಂಟ್‌ನದು, ಅಂದರೆ ನೆಲೆ ಮಾಡಿಕೊಡೋದು. 1968ರಲ್ಲಿ ಅದು ಹುಟ್ಟಿದ್ದೇ ಟಿಬೆಟಿನವರಿಗೆ ನೆಲೆ ಮಾಡಿಕೊಡೋದಕ್ಕೆ. ಆಮೇಲೆ ನಮ್ಮ ಹಳ್ಳಿಗಳ ಕಡೆ ತಿರುಗಿತು. 1987ರಲ್ಲಿ ನಬಾರ್ಡ್ ಅನ್ನೋ ಸರ್ಕಾರಿ ಕೃಷಿ ಬ್ಯಾಂಕು ಮೈರಾಡದ ಸಂಘಗಳಿಗೆ 10 ಲಕ್ಷ ಕೊಟ್ಟು ನೋಡಿತು. 1992ರಲ್ಲಿ ಸಂಘಗಳಿಗೆ ಬ್ಯಾಂಕ್ ಸಾಲ ಕೊಡಿಸೋ ಯೋಜನೆ ಶುರುವಾಯಿತು, ಆಮೇಲೆ ದೇಶಕ್ಕೆಲ್ಲಾ ಹರಡಿತು. ನಾನು ಎಮ್ಮೆ ತಗೊಂಡಿದ್ದು ಆ ಸಾಲದಲ್ಲಿ. ಇವಳ ಅಮ್ಮನಂಥವರಿಗೆ ಅಂತ ಶುರುವಾದದ್ದು ಸುತ್ತಿ ಬಳಸಿ ನನ್ನ ಕೊಟ್ಟಿಗೆಗೆ ಬಂದಿದೆ. ಅವಳಿಗೆ ಹೇಳಿದೆ. "ಹೌದಾ ಅಕ್ಕ" ಅಂದು ಇನ್ನೊಬ್ಬ ಗಿರಾಕಿಗೆ ಟೋಪಿ ತೋರಿಸೋಕೆ ಹೋದಳು.

ಅಲ್ಲೇ ಪಕ್ಕಕ್ಕೆ ನಿಂತು ಪುಟ್ಟಿಗೆ ವಾಯ್ಸ್ ಮೆಸೇಜ್ ಹಾಕಿದೆ. ಆ ತಾಯಿ ಏನು ಮಾಡಬಲ್ಲಳು ಅಂತ ದೆಹಲಿಗೆ ಫೋನ್ ಮಾಡಿ ಮೊದಲು ಕೇಳು. ಹೊಲಿಗೆ ಬಂದರೆ ಬೀರು ಬೇಡ, ಮಿಷನ್ ತಗೊಳ್ಳಿ. ಬಟ್ಟೆ ಉದ್ರಿ ಕೊಡೋ ಲಾಲಾ ಕಿಚನರ್‌ನಲ್ಲೂ ಒಬ್ಬ ಇರ್ತಾನೆ, ಹುಡುಕು. ನನ್ನದು ತಿಂಗಳಿಗೆ 500, ಹದಿಮೂರು ತಿಂಗಳು, ನಿಮ್ಮಮ್ಮನ ಕೈಗೆ ಕೊಡ್ತೀನಿ, ಅವಳು ಸೇರಿಸಿ ಕಳಿಸಲಿ. ಇಷ್ಟು ಹೇಳೋವಷ್ಟರಲ್ಲಿ ಫೋನ್ ಚಾರ್ಜ್ ಮುಗಿದು ಆಫ್ ಆಯಿತು. ಹೋಯಿತೋ ಇಲ್ಲವೋ ನೋಡಬೇಕು.

ಆ ಅಫ್ಘನ್ ಮಕ್ಕಳಿಗೆ ಎರಡು ಸ್ವೆಟರ್ ತಗೊಳ್ಳೋಣ ಅನ್ನಿಸಿತು. ವಯಸ್ಸು ಎಂಟು, ಹನ್ನೊಂದು. ಎಲ್ಲಿಗೆ ಅಂತ ಕೇಳಿದಳು, ಕೆನಡಾ ಅಂದೆ. ಕೈಯಲ್ಲಿದ್ದ ಕೆಂಪು ಸ್ವೆಟರನ್ನು ವಾಪಸ್ ನೇತುಹಾಕಿದಳು. "ಇದು ಕೋಲಾರಕ್ಕೆ ಸಾಕು ಅಕ್ಕ, ಅಲ್ಲಿಗೆ ಸಾಕಾಗಲ್ಲ" ಅಂತ ಮೂಟೆ ಬಿಚ್ಚಿ, ಒಳಗೆ ತುಪ್ಪಳ ಇರೋ ಎರಡು ಜರ್ಕಿನ್ ತೆಗೆದಳು. ನನ್ನ ಪರ್ಸಿನಲ್ಲಿ 150 ರೂಪಾಯಿ ಕಡಿಮೆ ಬಿತ್ತು. ಫೋನೂ ಸತ್ತಿದೆ. ಒಂದು ವಾಪಸ್ ಇಡೋಕೆ ಹೋದೆ.

"ತಗೊಂಡು ಹೋಗಿ ಅಕ್ಕ, ಆಮೇಲೆ ಕೊಡಿ" ಅಂತ ಎರಡನ್ನೂ ಕವರಿಗೆ ತುಂಬಿದಳು. ಯಾವ ಪುಸ್ತಕದಲ್ಲೂ ಬರೆದುಕೊಳ್ಳಲಿಲ್ಲ.

ನಾಳೆ ಒಂಬತ್ತರ ಬಸ್ಸಿಗೆ ಹೋಗಿ ಆ 150 ಕೊಟ್ಟು ಬರಬೇಕು.